ಹೊಗೆಯ ಹಿಡಿತ

ತಂಬಾಕು ನಮ್ಮ ನೆಲದಲ್ಲಿ ಹುಟ್ಟಿದ ಗಿಡವಲ್ಲ. ಅಮೆರಿಕ ಖಂಡದ ಮೂಲನಿವಾಸಿಗಳು ಬಹು ಪ್ರಾಚೀನ ಕಾಲದಿಂದ ಬಳಸುತ್ತಿದ್ದ ಈ ಸೊಪ್ಪನ್ನು ಯುರೋಪಿನ ನಾವಿಕರು ತಮ್ಮ ದೇಶಗಳಿಗೆ ಒಯ್ದರು. ಅಲ್ಲಿಂದ ಪೋರ್ಚುಗೀಸರ ಹಡಗುಗಳನ್ನೇರಿ ಅದು ನಮ್ಮ ಪಶ್ಚಿಮ ಕರಾವಳಿಗೆ ಬಂದಿಳಿಯಿತು. ಗೋವೆಯಿಂದ ವಿಜಾಪುರಕ್ಕೆ ಬಹಳ ದೂರವೇನೂ ಇಲ್ಲ. ಎರಡನೆಯ ಇಬ್ರಾಹಿಂ ಆದಿಲಶಾಹನ ಆಳ್ವಿಕೆಯಲ್ಲಿ ಅಕ್ಬರನ ದೂತನಾಗಿ ವಿಜಾಪುರಕ್ಕೆ ಬಂದಿದ್ದ ಅಸದ್ ಬೇಗ್ ಎಂಬಾತನು ಅಲ್ಲಿ ಈ ಸೊಪ್ಪನ್ನು ಕಂಡನು. ಉತ್ತರದಲ್ಲಿ ಅಂಥದನ್ನು ಅವನು ನೋಡಿರಲಿಲ್ಲ. ಸುಮಾರು 1604ರಲ್ಲಿ ಹಿಂದಿರುಗುವಾಗ ಸ್ವಲ್ಪ ತಂಬಾಕನ್ನೂ ರತ್ನಖಚಿತವಾದ ಒಂದು ಕೊಳವೆಯನ್ನೂ ಕೊಂಡೊಯ್ದು ಬಾದಶಹನಿಗೆ ಕಾಣಿಕೆಯಾಗಿ ಒಪ್ಪಿಸಿದನು. ಅಕ್ಬರನು ಕುತೂಹಲಕ್ಕೆಂದು ಸೇದಿ ನೋಡಿದನು. ಆಸ್ಥಾನದ ವೈದ್ಯನು ಬೇಡವೆಂದು ತಡೆದನು. ಬಾದಶಹನು ಅಷ್ಟಕ್ಕೇ ನಿಲ್ಲಿಸಿದನು. ಆದರೆ ಸರದಾರರು ನಿಲ್ಲಿಸಲಿಲ್ಲ. ಕೆಲವೇ ದಿನಗಳಲ್ಲಿ ವರ್ತಕರು ಅದನ್ನು ಮಾರತೊಡಗಿದರೆಂದು ಅಸದ್ ಬೇಗನೇ ಬರೆದಿಟ್ಟಿದ್ದಾನೆ.

ಅಕ್ಬರನ ಮಗ ಜಹಾಂಗೀರನು 1617ರಲ್ಲಿ ತನ್ನ ರಾಜ್ಯದಲ್ಲಿ ಯಾರೂ ತಂಬಾಕು ಸೇದಬಾರದೆಂದು ಆಜ್ಞೆ ಹೊರಡಿಸಿದನು. ಪರ್ಷಿಯಾದ ದೊರೆ ಷಾ ಅಬ್ಬಾಸನೂ ಅಂಥದೇ ನಿಷೇಧವನ್ನು ವಿಧಿಸಿದ್ದನು. ಆ ಸಮಯಕ್ಕೆ ಮೊಗಲರ ರಾಯಭಾರಿಯಾಗಿ ಪರ್ಷಿಯಾಕ್ಕೆ ಹೋದವನು ಖಾನ್ ಆಲಮ್. ಅವನಿಗೆ ಒಂದು ಗಳಿಗೆಯೂ ತಂಬಾಕಿಲ್ಲದೆ ಇರಲಾಗುತ್ತಿರಲಿಲ್ಲ. ತನ್ನ ದೊರೆಯ ಆಜ್ಞೆ ಒಂದು ಕಡೆ, ಅತಿಥೇಯನ ಆಜ್ಞೆ ಇನ್ನೊಂದು ಕಡೆ; ಎರಡರ ನಡುವೆಯೂ ಅವನು ಸೇದುತ್ತಲೇ ಇದ್ದನು. ಕಡೆಗೆ ಷಾ ಅಬ್ಬಾಸನೇ ಮನಕರಗಿ ಅವನೊಬ್ಬನಿಗೆ ವಿನಾಯಿತಿ ಕೊಟ್ಟನಂತೆ. ಈ ಪ್ರಸಂಗವನ್ನು ಜಹಾಂಗೀರನು ತನ್ನ ಆತ್ಮಕಥೆಯಲ್ಲಿ ವಿನೋದದಿಂದ ಬರೆದಿದ್ದಾನೆ. ಖಾನ್ ಆಲಮನಿಗೆ ಅದು ವಿನೋದವಾಗಿತ್ತೋ ಇಲ್ಲವೋ ಹೇಳುವವರಿಲ್ಲ. ಎರಡು ಸಾಮ್ರಾಜ್ಯಗಳ ಮಾತು ನಡೆಯದ ಕಡೆ ಒಂದು ಒಣ ಎಲೆಯ ಮಾತು ನಡೆಯಿತು. ಅದು ಹೇಗೆ ಎಂಬ ಪ್ರಶ್ನೆಗೆ ಉತ್ತರ ದೊರೆಯಲು ಸುಮಾರು ಮೂರೂವರೆ ಶತಮಾನಗಳೇ ಬೇಕಾದವು.

ತಂಬಾಕಿನ ಗಿಡವು ತನ್ನನ್ನು ಮೇಯುವ ಕೀಟಗಳಿಂದ ರಕ್ಷಿಸಿಕೊಳ್ಳಲು ಬೇರಿನಲ್ಲಿ ಒಂದು ವಿಷವನ್ನು ತಯಾರಿಸಿ ಎಲೆಗಳಿಗೆ ಕಳುಹಿಸುತ್ತದೆ. 1828ರಲ್ಲಿ ಜರ್ಮನಿಯ ಹೈಡಲ್‌ಬರ್ಗಿನಲ್ಲಿ ಪೊಸೆಲ್ಟ್ ಮತ್ತು ರೈಮನ್ ಎಂಬಿಬ್ಬರು ಆ ವಿಷವನ್ನು ಎಲೆಯಿಂದ ಬೇರ್ಪಡಿಸಿದರು. 1560ರಲ್ಲಿ ಲಿಸ್ಬನ್ನಿನಿಂದ ಫ್ರಾನ್ಸಿನ ಅರಮನೆಗೆ ತಂಬಾಕನ್ನು ಔಷಧವೆಂದು ಕಳುಹಿಸಿದ್ದ ರಾಯಭಾರಿ ಜ್ಯಾಂ ನಿಕೋನ ಹೆಸರು ಗಿಡಕ್ಕೆ ಅಂಟಿಕೊಂಡಿತ್ತು. ಗಿಡದಿಂದ ಅದು ವಿಷಕ್ಕೂ ಇಳಿದು ನಿಕೋಟಿನ್ ಎಂದಾಯಿತು. ಔಷಧವೆಂದು ನಂಬಿ ಕಳುಹಿಸಿದವನ ಹೆಸರು ವಿಷಕ್ಕೆ ಶಾಶ್ವತವಾಗಿ ನಿಂತದ್ದು ಚರಿತ್ರೆಯ ಒಂದು ವ್ಯಂಗ್ಯ.

ಹೊಗೆಯನ್ನು ಒಳಗೆಳೆದುಕೊಂಡಾಗ ನಿಕೋಟಿನ್ ಶ್ವಾಸಕೋಶದಿಂದ ರಕ್ತಕ್ಕೆ ಸೇರಿ, ಹತ್ತು ಇಪ್ಪತ್ತು ಸೆಕೆಂಡುಗಳೊಳಗೆ ಮಿದುಳನ್ನು ತಲಪುತ್ತದೆ. ರಕ್ತನಾಳಕ್ಕೆ ಸೂಜಿಯಲ್ಲಿ ಚುಚ್ಚಿದ ಮದ್ದು ಕೂಡ ಇದಕ್ಕಿಂತ ಬೇಗ ಅಲ್ಲಿಗೆ ಹೋಗಲಾರದು. ಮಿದುಳಿನ ನರಕೋಶಗಳು ತಮ್ಮತಮ್ಮಲ್ಲಿ ಸುದ್ದಿ ಮುಟ್ಟಿಸಲು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಬಳಸುತ್ತವೆ. ಅದನ್ನು ಬರಮಾಡಿಕೊಳ್ಳಲು ಕೋಶಗಳ ಮೇಲೆ ಗ್ರಾಹಕಗಳಿರುತ್ತವೆ. ನಿಕೋಟಿನ್ ಆ ಬಾಗಿಲುಗಳಿಗೆ ಕಳ್ಳ ಬೀಗದಕೈಯಂತೆ ಹೊಂದಿಕೊಳ್ಳುತ್ತದೆ. ಬಾಗಿಲು ತೆರೆದೊಡನೆ ಡೋಪಮೈನ್ ಎಂಬ ಇನ್ನೊಂದು ವಸ್ತು ಸ್ರವಿಸಿ, ಹಸಿದವನಿಗೆ ಅನ್ನ ಕಂಡಾಗ ಆಗುವಂಥ ತೃಪ್ತಿಯ ಭಾವವನ್ನು ಉಂಟುಮಾಡುತ್ತದೆ. ದಿನವೂ ಹೀಗಾಗುತ್ತಿದ್ದರೆ ಮಿದುಳು ತನ್ನ ವ್ಯವಸ್ಥೆಯನ್ನೇ ಬದಲಿಸಿಕೊಂಡು ಇನ್ನಷ್ಟು ಗ್ರಾಹಕಗಳನ್ನು ಬೆಳೆಸುತ್ತದೆ. ರಕ್ತದಲ್ಲಿರುವ ನಿಕೋಟಿನ್ ಸುಮಾರು ಎರಡು ಗಂಟೆಗಳಲ್ಲಿ ಅರ್ಧಕ್ಕಿಳಿಯುತ್ತದೆ. ಇಳಿದಂತೆಲ್ಲ ಆ ಬಾಗಿಲುಗಳು ಒಂದೊಂದಾಗಿ ಬರಿದಾಗುತ್ತವೆ. ಮನಸ್ಸಿಗೆ ಕಿರಿಕಿರಿ, ಚಡಪಡಿಕೆ, ಯಾವುದರಲ್ಲಿಯೂ ಮನಸ್ಸು ನಿಲ್ಲದಿರುವುದು ಮೊದಲಾಗುತ್ತವೆ. ಆಗ ಇನ್ನೊಂದು ಬೀಡಿ ಹಚ್ಚಿದರೆ ನೆಮ್ಮದಿ. ಸೇದುವವನು ಈ ನೆಮ್ಮದಿಯನ್ನು ಬೀಡಿಯ ಗುಣವೆಂದು ತಿಳಿಯುತ್ತಾನೆ. ನಿಜದಲ್ಲಿ ಹಿಂದಿನ ಬೀಡಿ ಉಂಟುಮಾಡಿದ ಸಂಕಟವನ್ನೇ ಮುಂದಿನ ಬೀಡಿ ತಣಿಸುತ್ತದೆ. ಸಾಹುಕಾರನ ಬಡ್ಡಿಯನ್ನು ಕಟ್ಟಲು ಅವನಲ್ಲಿಯೇ ಮತ್ತೆ ಸಾಲ ತೆಗೆದಂತೆ.

ಒಂದು ಸಿಗರೇಟಿಗೆ ಹತ್ತು ದಮ್ಮು ಎಂದಿಟ್ಟುಕೊಳ್ಳೋಣ. ದಿನಕ್ಕೆ ಇಪ್ಪತ್ತು ಸೇದುವವನು ಇನ್ನೂರು ಸಲ ತನ್ನ ಮಿದುಳಿಗೆ ಈ ಪಾಠವನ್ನು ಹೇಳಿಕೊಟ್ಟ ಹಾಗಾಯಿತು. ವರ್ಷಕ್ಕೆ 73,000 ಸಲ. ಯಾವ ಶಾಲೆಯಲ್ಲಿಯೂ ಯಾವ ಪಾಠವನ್ನೂ ನಾವು ಇಷ್ಟು ಸಲ ಬಾಯಿಪಾಠ ಮಾಡಿಸುವುದಿಲ್ಲ. ಈ ಪಾಠವು ಕಾಫಿಯ ಲೋಟದೊಡನೆ, ಊಟದ ನಂತರದ ವಿರಾಮದೊಡನೆ, ಬಸ್ಸಿಗಾಗಿ ಕಾಯುವ ಹೊತ್ತಿನೊಡನೆ, ಗೆಳೆಯನ ಮುಖದೊಡನೆ ಹೆಣೆದುಕೊಂಡುಬಿಡುತ್ತದೆ. ಇದರಿಂದಾಗಿ ದೇಹದಿಂದ ನಿಕೋಟಿನ್ ಪೂರ್ತಿ ಹೊರಟುಹೋದ ಮೇಲೂ ಕಾಫಿಯ ವಾಸನೆ ಬಂದಾಗ ಕೈ ಜೇಬಿಗೆ ಹೋಗುತ್ತದೆ. 1988ರಲ್ಲಿ ಅಮೆರಿಕದ ಸರ್ಜನ್ ಜನರಲ್ ಆಗಿದ್ದ ಕೂಪ್ ಅವರು ತಮ್ಮ ವರದಿಯಲ್ಲಿ ನಿಕೋಟಿನ್ ಕೂಡ ಹೆರಾಯಿನ್, ಕೊಕೇನ್‌ಗಳ ರೀತಿಯಲ್ಲಿಯೇ ವ್ಯಸನವನ್ನುಂಟುಮಾಡುವ ವಸ್ತುವೆಂದು ಸ್ಪಷ್ಟವಾಗಿ ಸಾರಿದರು. ಅಲ್ಲಿಯವರೆಗೆ ಅದನ್ನು ಬರಿಯ ಅಭ್ಯಾಸ ಎನ್ನುತ್ತಿದ್ದವರೇ ಹೆಚ್ಚು.

ಕಟ್ಟಿಹಾಕುವುದು ನಿಕೋಟಿನ್ನಿನ ಕೆಲಸವಾದರೆ, ಕೊಲ್ಲುವುದು ಹೆಚ್ಚಾಗಿ ಹೊಗೆಯಲ್ಲಿರುವ ಟಾರು, ಕಾರ್ಬನ್ ಮಾನಾಕ್ಸೈಡ್ ಮೊದಲಾದವುಗಳ ಕೆಲಸ. ಈ ಸಂಗತಿಯನ್ನು ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಿಕೊಟ್ಟವರು ಇಂಗ್ಲೆಂಡಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್. ಶ್ವಾಸಕೋಶದ ಕ್ಯಾನ್ಸರ್ ಏಕೆ ಹೆಚ್ಚುತ್ತಿದೆಯೆಂದು ಲಂಡನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಿಚಾರಿಸುತ್ತ ಹೋದಾಗ ಅವರಿಗೆ ಸಿಗರೇಟು ಎದುರಾಯಿತು. 1950ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಸ್ವತಃ ಸಿಗರೇಟು ಸೇದುತ್ತಿದ್ದ ಡಾಲ್, ಲೆಕ್ಕ ಕಣ್ಣೆದುರು ಮೂಡುತ್ತಿದ್ದಂತೆ ಅದನ್ನು ಬಿಟ್ಟುಬಿಟ್ಟರು. ಅನಂತರ ಸುಮಾರು 34,000 ಮಂದಿ ಬ್ರಿಟಿಷ್ ವೈದ್ಯರನ್ನು ಐವತ್ತು ವರ್ಷಗಳ ಕಾಲ ಗಮನಿಸಿ 2004ರಲ್ಲಿ ಬಂದ ವರದಿಯ ಪ್ರಕಾರ, ಜೀವನವೆಲ್ಲ ಸೇದಿದವರು ಸೇದದವರಿಗಿಂತ ಸರಾಸರಿ ಹತ್ತು ವರ್ಷ ಮೊದಲೇ ಸಾಯುತ್ತಾರೆ. ಅದೇ ವರದಿಯ ಇನ್ನೊಂದು ಮುಖವನ್ನು ಜನರು ಅಷ್ಟಾಗಿ ಗಮನಿಸುವುದಿಲ್ಲ. ಅರುವತ್ತನೆಯ ವಯಸ್ಸಿನಲ್ಲಿ ಬಿಟ್ಟವರಿಗೂ ಸುಮಾರು ಮೂರು ವರ್ಷ ಮರಳಿ ದೊರೆಯಿತು. ಐವತ್ತರಲ್ಲಿ ಬಿಟ್ಟವರಿಗೆ ಆರು, ನಲವತ್ತರಲ್ಲಿ ಬಿಟ್ಟವರಿಗೆ ಒಂಬತ್ತು. ಮೂವತ್ತರಲ್ಲಿ ಬಿಟ್ಟವರು ಹೆಚ್ಚುಕಡಿಮೆ ಏನನ್ನೂ ಕಳೆದುಕೊಳ್ಳಲಿಲ್ಲ. ‘ಇಷ್ಟು ವರ್ಷ ಸೇದಿದ ಮೇಲೆ ಈಗ ಬಿಟ್ಟರೇನು ಬಂತು?’ ಎನ್ನುವ ಹಿರಿಯರಿಗೆ ಇದಕ್ಕಿಂತ ನೇರವಾದ ಉತ್ತರವಿಲ್ಲ.

ಆದರೆ ತಿಳಿವಳಿಕೆಯೊಂದರಿಂದಲೇ ಚಟ ಬಿಡುವುದಾದರೆ ಸಿಗ್ಮಂಡ್ ಫ್ರಾಯ್ಡ್ ಎಂದೋ ಬಿಟ್ಟಿರಬೇಕಾಗಿತ್ತು. ಮನುಷ್ಯನ ಮನಸ್ಸಿನ ಆಳವನ್ನು ಶೋಧಿಸಿದವರಲ್ಲಿ ಅವರ ಹೆಸರು ಅಗ್ರಗಣ್ಯವಾದುದು. ಅವರು ದಿನಕ್ಕೆ ಸುಮಾರು ಇಪ್ಪತ್ತು ಚುಟ್ಟಾಗಳನ್ನು ಸೇದುತ್ತಿದ್ದರು. ಎದೆಬಡಿತ ಏರುಪೇರಾದಾಗ ಅವರ ಸ್ನೇಹಿತನಾದ ಬರ್ಲಿನ್ನಿನ ವೈದ್ಯ ಫ್ಲೀಸ್ ಅದನ್ನು ನಿಲ್ಲಿಸುವಂತೆ ಒತ್ತಾಯಿಸಿದನು. 1894ರಲ್ಲಿ ಫ್ರಾಯ್ಡ್ ಕೆಲವು ವಾರಗಳ ಕಾಲ ನಿಲ್ಲಿಸಿಯೂ ಇದ್ದರು. ಆ ದಿನಗಳಲ್ಲಿ ತಾವು ಪಟ್ಟ ಯಾತನೆಯನ್ನು ಸ್ನೇಹಿತನಿಗೆ ಪತ್ರಗಳಲ್ಲಿ ತೋಡಿಕೊಂಡರು. ಬಳಿಕ ಮತ್ತೆ ಹಚ್ಚಿದರು. ಸೇದದಿದ್ದರೆ ಬರೆಯಲಾಗದು, ಕೆಲಸ ಸಾಗದು ಎಂಬುದು ಅವರ ದೃಢವಾದ ನಂಬಿಕೆಯಾಗಿತ್ತು. 1923ರಲ್ಲಿ ಬಾಯಿಯ ಅಂಗುಳಿನಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿತು. ದವಡೆಯ ಒಂದು ಭಾಗವನ್ನು ಕೊಯ್ದು ತೆಗೆದು, ಆ ಸ್ಥಳದಲ್ಲಿ ಕೃತಕ ದವಡೆಯನ್ನು ಕೂರಿಸಿದರು. ಅದು ಮಾತಾಡಲಿಕ್ಕೂ ಉಣ್ಣಲಿಕ್ಕೂ ಹಿಂಸೆ ಕೊಡುತ್ತಿತ್ತು. ಮುಂದಿನ ಹದಿನಾರು ವರ್ಷಗಳಲ್ಲಿ ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು. ಆಗಲೂ ಚುಟ್ಟಾ ಅವರನ್ನು ಬಿಡಲಿಲ್ಲ. 1939ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಅವರು ತೀರಿಕೊಂಡರು. ಇಂಥವರನ್ನು ದುರ್ಬಲಮನಸ್ಕರೆನ್ನಲು ನನಗೆ ನಾಲಗೆ ಬಾರದು.

ನಮ್ಮ ಕಡೆ ‘ಚಟ’ಕ್ಕೂ ‘ಚಟ್ಟ’ಕ್ಕೂ ಒಂದೇ ಒತ್ತಿನ ಅಂತರ ಎಂಬ ಮಾತು ಗೋಡೆಗಳ ಮೇಲೆ, ಭಾಷಣಗಳಲ್ಲಿ ಧಾರಾಳವಾಗಿ ಬಳಕೆಯಲ್ಲಿದೆ. ಚಮತ್ಕಾರದ ಮಾತೇನೋ ಹೌದು. ಇದನ್ನು ಕೇಳಿ ಬೀಡಿ ಬಿಟ್ಟವರೊಬ್ಬರನ್ನೂ ನಾನು ಕಂಡಿಲ್ಲ. ಬಿಟ್ಟವರನ್ನು ಕಂಡಿದ್ದೇನೆ, ಅವರಲ್ಲಿ ಒಬ್ಬರ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು.

1980ರ ಸುಮಾರಿಗೆ ನಾನು ಕೆಲಸ ಮಾಡುತ್ತಿದ್ದ ಪ್ರೌಢಶಾಲೆಯಲ್ಲಿ ಒಬ್ಬ ಡ್ರಾಯಿಂಗ್ ಮೇಷ್ಟರಿದ್ದರು. ಕೈವಾರದ ಸಹಾಯವಿಲ್ಲದೆ ಕಪ್ಪುಹಲಗೆಯ ಮೇಲೆ ಒಂದೇ ಬೀಸಿನಲ್ಲಿ ವೃತ್ತ ಬರೆಯಬಲ್ಲವರು. ಗಣಿತದ ಮೇಷ್ಟರೇ ಬಂದು ಅಳೆದು ನೋಡಿ ತಲೆದೂಗುತ್ತಿದ್ದರು. ದಿನಕ್ಕೆ ಒಂದೂವರೆ ಕಟ್ಟು ಬೀಡಿ ಅವರಿಗೆ ಬೇಕಾಗಿತ್ತು. ಒಂದು ಯುಗಾದಿಯ ದಿನ ಬೇವುಬೆಲ್ಲ ತಿಂದು, ಇನ್ನು ಮುಟ್ಟುವುದಿಲ್ಲವೆಂದು ಮನೆಯವರ ಮುಂದೆ ಹೇಳಿದರು. ಮೂರನೆಯ ದಿನ ತರಗತಿಯಲ್ಲಿ ಅವರ ಕೈ ನಡುಗಿ ಗೆರೆ ಸೊಟ್ಟಗಾಯಿತು. ಮಕ್ಕಳು ಕಿಸಕ್ಕನೆ ನಕ್ಕರು. ಮಕ್ಕಳ ನಗೆಯಲ್ಲಿ ಕೇಡಿರಲಿಲ್ಲ. ಆದರೆ ಆ ಕೈಯೇ ಅವರ ಅನ್ನ, ಅದೇ ಅವರ ಮಾನ. ಗಂಟೆ ಬಾರಿಸುವುದಕ್ಕೆ ಮೊದಲೇ ಹೊರಗೆ ಹೋಗಿ ಹುಣಸೆಮರದ ಹಿಂದೆ ಬೀಡಿ ಹಚ್ಚಿದರು. ಮತ್ತೊಮ್ಮೆ ದಿನಕ್ಕೆ ಎರಡೆರಡರಂತೆ ಕಡಿಮೆ ಮಾಡುತ್ತ ಬಂದರು. ಆರಕ್ಕೆ ಇಳಿದ ಮೇಲೆ ಮುಂದಿನ ಬೀಡಿಗೆ ಇನ್ನೆಷ್ಟು ಹೊತ್ತು ಎಂಬ ಚಿಂತೆಯಲ್ಲಿಯೇ ದಿನ ಕಳೆಯುತ್ತಿತ್ತಂತೆ. ಮನೆದೇವರಿಗೆ ಹರಕೆ ಹೊತ್ತದ್ದೂ ಉಂಟು. ಅದು ಮುರಿದಾಗ ಬೀಡಿಯ ಜೊತೆಗೆ ಪಾಪಭೀತಿಯೂ ಸೇರಿ ಮೊದಲಿಗಿಂತ ಹೆಚ್ಚು ಸೇದಿದರು.

ಅವರಿಗೆ ನಲವತ್ತೆರಡು ವರ್ಷವಾಗಿದ್ದಾಗ ನಡೆಯುವಾಗ ಮೀನಖಂಡದಲ್ಲಿ ನೋವು ಕಾಣಿಸಿಕೊಂಡಿತು. ನಿಂತರೆ ಕಡಿಮೆಯಾಗುವುದು, ಮತ್ತೆ ನಡೆದರೆ ಬರುವುದು. ವಾತವೆಂದು ಎಣ್ಣೆ ತಿಕ್ಕಿಸಿದರು. ಎಡಗಾಲಿನ ಕಿರುಬೆರಳು ಕಪ್ಪಾದಾಗ ಜಿಲ್ಲಾ ಆಸ್ಪತ್ರೆಗೆ ಹೋದರು. 1908ರಲ್ಲಿ ನ್ಯೂಯಾರ್ಕಿನ ವೈದ್ಯ ಲಿಯೋ ಬರ್ಗರ್ ವಿವರವಾಗಿ ವರ್ಣಿಸಿದ ರೋಗವದು. ಕೈಕಾಲುಗಳ ರಕ್ತನಾಳಗಳು ಉರಿಯೂತದಿಂದ ಮುಚ್ಚಿಹೋಗಿ ಬೆರಳುಗಳು ಕೊಳೆಯತೊಡಗುತ್ತವೆ. ತಂಬಾಕು ಬಳಸುವವರಿಗೇ, ಅದರಲ್ಲಿಯೂ ನಡುವಯಸ್ಸಿನೊಳಗಿನ ಗಂಡಸರಿಗೇ, ಅದು ಹೆಚ್ಚಾಗಿ ಬರುತ್ತದೆ. ನಮ್ಮ ದೇಶದಲ್ಲಿ ಬೀಡಿ ಸೇದುವ ಬಡವರಲ್ಲಿ ಬಹಳವಾಗಿ ಕಂಡುಬಂದಿದೆ. ತಂಬಾಕನ್ನು ಪೂರ್ತಿಯಾಗಿ ಬಿಡದ ಹೊರತು ಯಾವ ಔಷಧವೂ ಅದನ್ನು ತಡೆಯಲಾರದು. ಬೆರಳನ್ನು ತೆಗೆದ ವೈದ್ಯರು, “ಮೇಷ್ಟರೇ, ಈ ಸಲ ಕಿರುಬೆರಳಿಗೆ ಮುಗಿಯಿತು. ಇದು ಕಾಲಿನಿಂದ ಕೈಗೂ ಬರುವ ರೋಗ,” ಎಂದಷ್ಟೇ ಹೇಳಿದರಂತೆ. ಮೇಷ್ಟರು ತಮ್ಮ ಬಲಗೈಯನ್ನು ನೋಡಿಕೊಂಡರು.

ಭಯದಿಂದ ಬಿಟ್ಟರು ಎಂದು ಹೇಳಿ ಇಲ್ಲಿಗೆ ಮುಗಿಸಬಹುದಾಗಿತ್ತು. ಆದರೆ ಭಯ ಹೆಚ್ಚು ದಿನ ಬಾಳುವ ವಸ್ತುವಲ್ಲ. ಗಾಯ ಮಾಯುತ್ತಿದ್ದಂತೆ ಅದೂ ಮಾಯುತ್ತದೆ. ಅದು ಇರುವಷ್ಟು ದಿನಗಳೊಳಗೆ ಅವರು ಬೇರೆ ಕೆಲವು ಏರ್ಪಾಡುಗಳನ್ನು ಮಾಡಿಕೊಂಡರು. ಬೀಡಿ ಅಂಗಡಿಯ ಮುಂದಿನ ದಾರಿಯನ್ನು ಬಿಟ್ಟು ಕೆರೆಯ ಏರಿಯ ಮೇಲೆ ಸುತ್ತಿಕೊಂಡು ಶಾಲೆಗೆ ಬರತೊಡಗಿದರು. ಕುಂಟುವ ಕಾಲಿಗೆ ಅದು ಅರ್ಧ ಮೈಲಿ ಹೆಚ್ಚು. ಬೆಳಗಿನ ಕಾಫಿಯನ್ನು ಬಿಟ್ಟು ಗಂಜಿ ಕುಡಿದರು. ಜೇಬಿನಲ್ಲಿ ಬೆಂಕಿಪೊಟ್ಟಣದ ಜಾಗಕ್ಕೆ ಒಣಶುಂಠಿಯ ಚೂರುಗಳು ಬಂದವು. ಮೊದಲನೆಯ ವಾರ ರಜೆ ಹಾಕಿ ಮನೆಯಲ್ಲಿದ್ದರು. ಎರಡನೆಯ, ಮೂರನೆಯ ದಿನಗಳೇ ಅತಿ ಕಠಿಣವೆಂಬುದು ಹಿಂದಿನ ಸೋಲುಗಳಿಂದ ಅವರಿಗೆ ತಿಳಿದಿತ್ತು. ವೈದ್ಯಶಾಸ್ತ್ರವೂ ಅದನ್ನೇ ಹೇಳುತ್ತದೆ. ಆಸೆ ಎದ್ದಾಗ ಗಡಿಯಾರದ ಮುಂದೆ ಕೂತು ನೋಡುತ್ತಿದ್ದರಂತೆ. “ಅದು ಬರುವುದು, ಏರುವುದು, ಐದು ನಿಮಿಷಕ್ಕೆ ಇಳಿಯುವುದು. ಇಳಿಯುತ್ತದೆ ಎನ್ನುವುದೇ ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಇಳಿಯುವವರೆಗೆ ನಾನು ಎಂದು ತಾನೇ ಕಾದಿದ್ದೆ?” ಎಂದು ಅವರು ನನಗೆ ಹೇಳಿದ್ದುಂಟು. ಅವರ ಮನೆಯಾಕೆ ಆ ವಾರ ಎಷ್ಟು ಬೈಗುಳಗಳನ್ನು ಕೇಳಿಸಿಕೊಂಡರೋ! ಒಂದಕ್ಕೂ ಉತ್ತರ ಕೊಡಲಿಲ್ಲವೆಂದು ಮೇಷ್ಟರೇ ಒಪ್ಪಿಕೊಳ್ಳುತ್ತಿದ್ದರು.

ಮೂರು ತಿಂಗಳು ಕಳೆದವು. ಸೋದರಮಾವನ ತಿಥಿಗೆಂದು ಊರಿಗೆ ಹೋದಾಗ ನೆಂಟರೊಬ್ಬರು ನೀಡಿದ ಬೀಡಿಯನ್ನು ಮಾತಿನ ಮಧ್ಯೆ ಸೇದಿಬಿಟ್ಟರು. ಹಿಂದಿನ ಮೂರು ಪ್ರಯತ್ನಗಳೂ ಇಂಥ ಒಂದು ಬೀಡಿಯಿಂದಲೇ ಮಣ್ಣುಗೂಡಿದ್ದವು. ‘ವ್ರತ ಕೆಟ್ಟಿತು, ಇನ್ನೇನು’ ಎಂದು ಅಂದೇ ಕಟ್ಟು ಕೊಂಡಿದ್ದರು. ಈ ಸಲ ಕೊಳ್ಳಲಿಲ್ಲ. ಬಸ್ಸು ಹತ್ತಿ ಮನೆಗೆ ಬಂದು, ನಡೆದದ್ದನ್ನು ಮನೆಯಾಕೆಗೆ ಹೇಳಿ, ಮರುದಿನ ಬೆಳಿಗ್ಗೆ ಕೆರೆಯ ಏರಿಯ ದಾರಿಯಲ್ಲಿಯೇ ಶಾಲೆಗೆ ಬಂದರು. ಅವರ ಗೆಲುವು ಆ ಮರುದಿನದ್ದು ಎಂದೇ ನಾನು ಭಾವಿಸಿದ್ದೇನೆ. ಯಾರ ನೆರವೂ ಇಲ್ಲದೆ ಬಿಡಲು ಹೊರಟವರಲ್ಲಿ ಒಂದು ಪ್ರಯತ್ನಕ್ಕೆ ವರ್ಷವಿಡೀ ನಿಲ್ಲುವವರು ನೂರಕ್ಕೆ ಐದು ಮಂದಿಗಿಂತ ಹೆಚ್ಚಿಲ್ಲ. ಬಿಟ್ಟು ಗೆದ್ದವರಲ್ಲಿ ಹೆಚ್ಚಿನವರು ಹಲವು ಸಲ ಸೋತವರೇ.

ಮೇಷ್ಟರಿಗೆ ಇಲ್ಲದಿದ್ದ ಅನುಕೂಲಗಳು ಈಗ ಇವೆ. ಸ್ವೀಡನ್ನಿನ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಸೇದಲು ಅವಕಾಶವಿರದ ನಾವಿಕರು ಬಾಯಲ್ಲಿ ತಂಬಾಕನ್ನಿಟ್ಟುಕೊಂಡು ಸಮಾಧಾನಪಡುವುದನ್ನು ಕಂಡ ವೈದ್ಯರೊಬ್ಬರು 1967ರಲ್ಲಿ ಆ ಸಂಗತಿಯನ್ನು ಓವೆ ಫೆರ್ನೆ ಎಂಬ ವಿಜ್ಞಾನಿಗೆ ತಿಳಿಸಿದರು. ಹೊಗೆಯಿಲ್ಲದೆ ನಿಕೋಟಿನ್ನನ್ನು ಮಾತ್ರ ಸ್ವಲ್ಪ ಸ್ವಲ್ಪವಾಗಿ ಕೊಟ್ಟು, ಕ್ರಮೇಣ ಅದನ್ನೂ ಇಳಿಸಬಹುದೆಂದು ಫೆರ್ನೆ ಯೋಚಿಸಿ, ಜಗಿಯುವ ಗಮ್ಮಿನಲ್ಲಿ ಅದನ್ನು ಸೇರಿಸಿದರು. 1970ರ ದಶಕದ ಕೊನೆಯ ವೇಳೆಗೆ ಅದು ಔಷಧವಾಗಿ ಬಳಕೆಗೆ ಬಂದಿತು. ಚರ್ಮಕ್ಕೆ ಅಂಟಿಸುವ ಪಟ್ಟಿಗಳೂ ಕೆಲವು ಮಾತ್ರೆಗಳೂ ಅನಂತರ ಬಂದವು. 2002ರಲ್ಲಿ ನಮ್ಮ ದೇಶದಲ್ಲಿ ತಂಬಾಕು ಬಿಡಿಸುವ ಚಿಕಿತ್ಸಾಲಯಗಳು ಆರಂಭವಾದಾಗ ಬೆಂಗಳೂರಿನ ನಿಮ್ಹಾನ್ಸ್ ಮೊದಲ ಕೇಂದ್ರಗಳಲ್ಲೊಂದಾಗಿತ್ತು. 2016ರಿಂದ 1800-11-2356 ಎಂಬ ಶುಲ್ಕರಹಿತ ದೂರವಾಣಿಯಲ್ಲಿ ಸಲಹೆ ದೊರೆಯುತ್ತಿದೆ. ಕನ್ನಡದಲ್ಲಿ ಮಾತಾಡುವವರೂ ಇದ್ದಾರೆ. ಔಷಧ ಮತ್ತು ಸಲಹೆ ಎರಡೂ ಕೂಡಿದಾಗ ಫಲ ಹೆಚ್ಚೆಂಬುದು ಅನುಭವಸಿದ್ಧವಾದ ಮಾತು.

2016-17ರ ಸಮೀಕ್ಷೆಯಂತೆ ಭಾರತದ ವಯಸ್ಕರಲ್ಲಿ ಶೇಕಡ 28.6ರಷ್ಟು ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕನ್ನು ಬಳಸುತ್ತಿದ್ದರು. ಸೇದುವವರು ಶೇಕಡ 10.7, ಕಡ್ಡಿಪುಡಿ, ಗುಟ್ಕಾ, ಹೊಗೆಸೊಪ್ಪು ಎಂದು ಜಗಿಯುವವರು ಅದರ ಇಮ್ಮಡಿ. ಜಗಿಯುವುದರಿಂದ ಹೊಗೆ ಬರುವುದಿಲ್ಲ, ನಿಜ. ಬಾಯಿಯ ಕ್ಯಾನ್ಸರ್ ಬರುತ್ತದೆ. ಸಾರ್ವಜನಿಕ ಸ್ಥಳಗಳಲ್ಲಿ ಸೇದುವುದನ್ನು 2003ರ ಕಾಯಿದೆ ನಿಷೇಧಿಸಿತು. 2008ರ ಗಾಂಧಿಜಯಂತಿಯಂದು ಅದರ ಕಟ್ಟುನಿಟ್ಟಾದ ನಿಯಮಗಳು ಜಾರಿಗೆ ಬಂದವು. ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರುವುದು ಅಪರಾಧ. ಇಷ್ಟಾದರೂ ನಿಮ್ಮ ಶಾಲೆಯ ಗೇಟಿನಿಂದ ಹೊರಟು ನೂರು ಗಜ ಎಣಿಸಿ ನೋಡಿದರೆ ಕಾಯಿದೆಗೂ ಆಚರಣೆಗೂ ಇರುವ ದೂರ ತಾನಾಗಿಯೇ ತಿಳಿದೀತು. ಪಿರಿಯಾಪಟ್ಟಣ, ಹುಣಸೂರುಗಳ ರೈತನೂ ದಕ್ಷಿಣ ಕನ್ನಡದಲ್ಲಿ ಮನೆಯ ಜಗಲಿಯ ಮೇಲೆ ಬೀಡಿ ಕಟ್ಟುವ ತಾಯಿಯೂ ಈ ಎಲೆಯಿಂದಲೇ ಹೊಟ್ಟೆ ಹೊರೆಯುತ್ತಿದ್ದಾರೆ ಎಂಬುದನ್ನು ಮರೆತು ಮಾತಾಡುವುದೂ ನ್ಯಾಯವಲ್ಲ. ಅದು ಬೇರೆಯೇ ಒಂದು ದೊಡ್ಡ ಪ್ರಶ್ನೆ.

ನಿಮ್ಮಲ್ಲಿ ಕೆಲವರ ಮನೆಗಳಲ್ಲಿ ಸೇದುವ ತಂದೆಯೋ ಅಜ್ಜನೋ ಇರಬಹುದು. ಅವರು ಬಿಡಲು ಯತ್ನಿಸಿದ ದಿನಗಳಲ್ಲಿ ಕಾರಣವಿಲ್ಲದೆ ಸಿಡುಕಿದರೆ, ಆ ಸಿಡುಕು ನಿಮ್ಮ ಮೇಲಿನದಲ್ಲವೆಂದು ತಿಳಿಯಿರಿ. ಮತ್ತೆ ಹಚ್ಚಿದ್ದನ್ನು ಕಂಡರೆ ‘ನೋಡಿದಿರಾ, ನಿಮ್ಮಿಂದ ಆಗಲಿಲ್ಲ’ ಎಂದು ಹಂಗಿಸದಿದ್ದರೆ ಅದೇ ದೊಡ್ಡ ಉಪಕಾರ. ಮರುದಿನ ಎನ್ನುವುದೊಂದು ಅವರಿಗೆ ಉಳಿದಿರುತ್ತದೆ.

ಡ್ರಾಯಿಂಗ್ ಮೇಷ್ಟರು ಇನ್ನಾವ ಬೆರಳನ್ನೂ ಕಳೆದುಕೊಳ್ಳಲಿಲ್ಲ. ನಿವೃತ್ತಿಯ ದಿನದವರೆಗೂ ಕಪ್ಪುಹಲಗೆಯ ಮೇಲೆ ಅವರ ವೃತ್ತ ಮೊದಲಿನಂತೆಯೇ ಮೂಡುತ್ತಿತ್ತು. ಬೀಡಿ ಬಿಟ್ಟು ಹನ್ನೊಂದು ವರ್ಷಗಳಾದ ಮೇಲೆ ಒಂದು ಸಂಜೆ ನಾವಿಬ್ಬರೂ ಬಸ್ ನಿಲ್ದಾಣದಲ್ಲಿ ನಿಂತಿದ್ದೆವು. ಮುಂಗಾರಿನ ಮೊದಲ ಮಳೆ ಬಿದ್ದು ನಿಂತಿತ್ತು. ಪಕ್ಕದಲ್ಲಿದ್ದ ಯಾರೋ ಬೀಡಿ ಹಚ್ಚಿದರು. ಮೇಷ್ಟರ ಕೈ ತನ್ನಷ್ಟಕ್ಕೆ ತಾನು ಜೇಬಿಗೆ ಹೋಯಿತು. ಅದನ್ನು ಅವರೂ ನೋಡಿಕೊಂಡು ನಕ್ಕರು. ಒಣಶುಂಠಿಯ ಒಂದು ಚೂರನ್ನು ತೆಗೆದು ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ನನಗೆ ಕೊಟ್ಟು, ಗಾಳಿಗೆ ಎದುರಾಗಿ ಸ್ವಲ್ಪ ಆಚೆ ಸರಿದು ನಿಂತರು.